ಹತ್ತು ಸಾವಿರದ 5ಜಿ ಫೋನ್: ಯಾವ ಕೊರತೆಯನ್ನು ಒಪ್ಪಿಕೊಳ್ಳಬಹುದು, ಯಾವುದನ್ನು ಒಪ್ಪಬಾರದು?

ವರದಾ ತೀರ (ಪ್ರಶ್ನೆ):

ಸಾಗರ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಅಪ್ಪಯ್ಯನಿಗೆ ಹೊಸ ಫೋನ್ ಕೊಡಿಸಬೇಕಾಗಿದೆ. ಕರೆ ಮಾಡುವುದು, ವಾಟ್ಸಾಪ್, ಅಡಿಕೆ ಧಾರಣೆ ನೋಡುವುದು, ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕೊಡುವುದು, ಪಹಣಿಯ ಪಿಡಿಎಫ್ ತೆರೆದು ಓದುವುದು, ರಾತ್ರಿ ಯಕ್ಷಗಾನದ ವಿಡಿಯೋ ನೋಡುವುದು, ಇಷ್ಟು ಅವರ ಬಳಕೆ. ಆಟಗಳ ಗೊಡವೆ ಇಲ್ಲ. ಒಂದು ಏರ್‌ಟೆಲ್ ಸಿಮ್, ಒಂದು ಬಿಎಸ್ಸೆನ್ನೆಲ್ ಸಿಮ್ ಇವೆ. ಬ್ಯಾಂಕಿನ ಒಟಿಪಿ ಬರುವುದು ಏರ್‌ಟೆಲ್ ಸಂಖ್ಯೆಗೆ. ಒಮ್ಮೆ ಕೊಂಡರೆ ನಾಲ್ಕು ವರ್ಷವಾದರೂ ಬಾಳಬೇಕು ಎಂಬುದು ಅವರ ಅಪೇಕ್ಷೆ.

ಹತ್ತು ಸಾವಿರದ ಆಸುಪಾಸಿನಲ್ಲಿ ನನ್ನ ಕಣ್ಣಿಗೆ ಬಿದ್ದವು ಎರಡು: 2024ರ ನವೆಂಬರಿನಲ್ಲಿ ಬಂದ ರೆಡ್ಮಿ ಎ4 5ಜಿ ಮತ್ತು 2025ರ ಫೆಬ್ರವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ06 5ಜಿ. ಎರಡರಲ್ಲೂ 50 ಮೆಗಾಪಿಕ್ಸೆಲ್ ಕ್ಯಾಮೆರಾ, ಐದು ಸಾವಿರ ಎಂಎಎಚ್‌ಗೆ ಕಡಿಮೆಯಿಲ್ಲದ ಬ್ಯಾಟರಿ, 128 ಜಿಬಿ ಸ್ಟೋರೇಜ್ ಇರುವ ಮಾದರಿ ಸಿಗುತ್ತದೆ. ರೆಡ್ಮಿಯ ಪರದೆ 6.88 ಇಂಚು, 120 ಹರ್ಟ್ಸ್. ಬಾಕ್ಸ್‌ನಲ್ಲಿ ಚಾರ್ಜರ್ ಸಹ ಇದೆ. ಸ್ಯಾಮ್‌ಸಂಗ್‌ನಲ್ಲಿ ಚಾರ್ಜರ್ ಬೇರೆ ಕೊಳ್ಳಬೇಕು. ಕಾಗದದ ಮೇಲೆ ನೋಡಿದರೆ ಮೊದಲನೆಯದೇ ಲಾಭದಾಯಕವಾಗಿ ಕಾಣುತ್ತದೆ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಎರಡೂ ಚೆನ್ನಾಗಿಯೇ ಓಡುತ್ತವೆ, ಆದ್ದರಿಂದ ಅಲ್ಲಿ ನೋಡಿ ತೀರ್ಮಾನಿಸಲು ನನ್ನಿಂದ ಆಗುತ್ತಿಲ್ಲ. ಈ ಬೆಲೆಯಲ್ಲಿ ಕಂಪನಿಗಳು ಎಲ್ಲಿ ಕೈ ಬಿಗಿ ಹಿಡಿಯುತ್ತವೆ, ಅದರಿಂದ ಇಂಥ ಬಳಕೆಗೆ ನಿಜವಾದ ತೊಂದರೆ ಏನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ತರಂಗಾಂತರ:

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಏರ್‌ಟೆಲ್ ಸಿಮ್ ಎಂಬುದು. ಕ್ಯಾಮೆರಾ, ಚಾರ್ಜರ್ ಎಲ್ಲ ಅದರ ನಂತರ.

ಭಾರತದಲ್ಲಿ 5ಜಿ ಎರಡು ಬಗೆಯಲ್ಲಿ ಬಂದಿದೆ. ಜಿಯೋ ಆರಂಭದಿಂದಲೇ ಎಸ್‌ಎ, ಅಂದರೆ 4ಜಿಯ ಆಸರೆಯಿಲ್ಲದೆ ಸ್ವತಂತ್ರವಾಗಿ ನಡೆಯುವ 5ಜಿ ಜಾಲವನ್ನು ಕಟ್ಟಿತು. ಏರ್‌ಟೆಲ್ 2022ರ ಅಕ್ಟೋಬರಿನಲ್ಲಿ ಬೆಂಗಳೂರು ಸೇರಿದಂತೆ ಎಂಟು ನಗರಗಳಲ್ಲಿ ಸೇವೆ ಆರಂಭಿಸಿದಾಗ ಆರಿಸಿಕೊಂಡದ್ದು ಎನ್‌ಎಸ್‌ಎ ಕ್ರಮವನ್ನು. ಇದರಲ್ಲಿ ಫೋನ್ ಮೊದಲು 4ಜಿ ಟವರಿಗೆ ಜೋಡಣೆಯಾಗಿ, ಅದರ ಮೂಲಕವೇ 5ಜಿಯ ವೇಗವನ್ನು ಪಡೆಯುತ್ತದೆ. ರೆಡ್ಮಿ ಎ4 5ಜಿಯಲ್ಲಿರುವ ಸ್ನಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್ ಬೆಲೆ ಇಳಿಸುವುದಕ್ಕೆಂದೇ ರೂಪಿಸಿದ್ದು, ಆ ಫೋನಿಗೆ ಎನ್‌ಎಸ್‌ಎ ಬೆಂಬಲವಿಲ್ಲ. ಹೀಗಾಗಿ ಜಿಯೋ ಸಿಮ್ ಹಾಕಿದರೆ 5ಜಿ ಬರುತ್ತದೆ, ಏರ್‌ಟೆಲ್‌ನ ಎನ್‌ಎಸ್‌ಎ ಜಾಲದಲ್ಲಿ ಅದು 4ಜಿ ಫೋನಾಗಿಯೇ ಉಳಿಯುತ್ತದೆ. ಕಂಪನಿ ಇದನ್ನು ಬಚ್ಚಿಟ್ಟಿಲ್ಲ, ಆದರೆ ಬಾಕ್ಸಿನ ಮೇಲಿನ ದೊಡ್ಡ ಅಕ್ಷರ ನೋಡಿ ಕೊಳ್ಳುವವರಿಗೆ ಈ ಸಂಗತಿ ಹೊಳೆಯುವುದಿಲ್ಲ. ಎಂ06 5ಜಿಯಲ್ಲಿರುವುದು ಡೈಮೆನ್ಸಿಟಿ 6300 ಚಿಪ್. ಅದು ಎರಡೂ ಬಗೆಗೆ ಹೊಂದುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಮ ತಂದೆಯವರ ಬಳಕೆಗೆ 4ಜಿ ವೇಗ ಧಾರಾಳವಾಗಿ ಸಾಕು. ವಾಟ್ಸಾಪ್ ಕರೆಗಾಗಲಿ ಯಕ್ಷಗಾನದ ವಿಡಿಯೋಗಾಗಲಿ 5ಜಿ ಬೇಕೇ ಬೇಕು ಎಂದೇನಿಲ್ಲ. ನನ್ನ ಆಕ್ಷೇಪ ಬೇರೆ. ನಾಲ್ಕು ವರ್ಷ ಬಾಳಬೇಕೆಂದು ಕೊಳ್ಳುವ ವಸ್ತುವಿನಲ್ಲಿ, ಮುಂದೆ ಯಾವ ಅಪ್‌ಡೇಟ್‌ನಿಂದಲೂ ತುಂಬಿಕೊಳ್ಳಲಾಗದಂಥ ಕೊರತೆ ಇದ್ದರೆ ಅದನ್ನು ಮೊದಲೇ ತೂಗಿ ನೋಡಬೇಕು. ಕ್ಯಾಮೆರಾ ಸಾಧಾರಣವಾಗಿದ್ದರೆ ಹೊಂದಿಕೊಂಡು ಹೋಗಬಹುದು, ಚಾರ್ಜ್ ಆಗಲು ಎರಡು ಗಂಟೆ ಹಿಡಿದರೆ ರಾತ್ರಿ ಮಲಗುವ ಮುನ್ನ ಹಾಕಬಹುದು, ಆದರೆ ಫೋನಿನ ಮೋಡೆಮ್, ಅಂದರೆ ಜಾಲಕ್ಕೆ ಜೋಡಿಸುವ ಭಾಗ, ಕೊಂಡ ದಿನ ಹೇಗಿತ್ತೋ ಕೊನೆಯ ದಿನವೂ ಹಾಗೆಯೇ ಇರುತ್ತದೆ.

ಬಿಎಸ್ಸೆನ್ನೆಲ್ ಬಗ್ಗೆಯೂ ಒಂದು ಸೂಚನೆ. ಅದರ 4ಜಿ ಮುಖ್ಯವಾಗಿ 700 ಮೆಗಾಹರ್ಟ್ಸ್ ಮತ್ತು 2100 ಮೆಗಾಹರ್ಟ್ಸ್ ತರಂಗಗಳಲ್ಲಿ ಬರುತ್ತದೆ. ಫೋನಿನ ವಿವರಪಟ್ಟಿಯಲ್ಲಿ ಇವು ಬ್ಯಾಂಡ್ 28 ಮತ್ತು ಬ್ಯಾಂಡ್ 1 ಎಂದು ಇರುತ್ತವೆ. 700ರ ತರಂಗ ಗುಡ್ಡ, ಕಾಡು, ದಪ್ಪ ಗೋಡೆಗಳ ನಡುವೆ ಹೆಚ್ಚು ದೂರ ಸಾಗುವುದರಿಂದ ಮಲೆನಾಡಿನವರು 4ಜಿಯ ಸಾಲಿನಲ್ಲಿ 28 ಇದೆಯೇ ಎಂದು ತಪ್ಪದೆ ನೋಡಬೇಕು. 5ಜಿಯ ಸಾಲಿನಲ್ಲಿರುವ ಎನ್28 ಬೇರೆ. ಅಂಗಡಿಯವರ ಬಾಯಿಮಾತು ಇಲ್ಲಿ ಸಾಲದು, ಕಂಪನಿಯ ಜಾಲತಾಣದಲ್ಲಿ ಭಾರತದ ಮಾದರಿಯ ಪುಟವನ್ನೇ ತೆರೆದು ಓದಿ.

ಗಾಂಧಿ ಬಜಾರ್ ರಿಪೇರಿ:

ನಾನು ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಮಾಡುವವನು. ತರಂಗಾಂತರ ಅವರ ಮಾತಿಗೆ ನನ್ನ ಸಹಮತವಿದೆ. ಅಂಗಡಿಯ ಮೇಜಿನ ಮೇಲೆ ಕಾಣುವುದನ್ನು ನಾನು ಸೇರಿಸುತ್ತೇನೆ.

ಅಗ್ಗದ ಫೋನ್ ನಿಧಾನವಾಯಿತು ಎಂದು ತರುವವರಲ್ಲಿ ಹೆಚ್ಚಿನವರ ತೊಂದರೆ ಪ್ರೊಸೆಸರಿನದಲ್ಲ, ಸ್ಟೋರೇಜಿನದು. ಎಷ್ಟು ಜಿಬಿ ಎಂದು ಎಲ್ಲರೂ ಕೇಳುತ್ತಾರೆ, ಯಾವ ಬಗೆಯದು ಎಂದು ಕೇಳುವವರು ವಿರಳ. ಇಎಂಎಂಸಿ 5.1 ಬಗೆಯ ಸ್ಟೋರೇಜಿನ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಯುಎಫ್‌ಎಸ್ 2.2ರದು ಅದರ ಮೂರು ಪಟ್ಟು. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ ಇಎಂಎಂಸಿಯಲ್ಲಿ ಓದುವುದು, ಬರೆಯುವುದು ಒಟ್ಟಿಗೆ ನಡೆಯುವುದಿಲ್ಲ. ಹಿನ್ನೆಲೆಯಲ್ಲಿ ವಾಟ್ಸಾಪ್ ಬ್ಯಾಕಪ್ ಆಗುತ್ತಿರುವಾಗ ಯುಪಿಐ ಆ್ಯಪ್ ತೆರೆದರೆ ಪರದೆ ಬಿಳಿಯಾಗಿ ನಿಂತುಬಿಡುವುದಕ್ಕೆ ಅನೇಕ ಸಲ ಇದೇ ಕಾರಣ. ರೆಡ್ಮಿ ಎ4ರಲ್ಲಿ ಯುಎಫ್‌ಎಸ್ 2.2 ಇದೆ. ಆ ಬೆಲೆಗೆ ಇದು ನಿಜವಾಗಿಯೂ ಮೆಚ್ಚಬೇಕಾದ ಅಂಶ, ಅದರ ನೆಟ್‌ವರ್ಕ್ ಕೊರತೆಯನ್ನು ಎತ್ತಿ ಆಡುವಾಗ ಇದನ್ನು ಮರೆಯುವುದು ಸರಿಯಲ್ಲ.

ರ್‍ಯಾಮ್ ವಿಚಾರದಲ್ಲಿ ಗ್ರಾಹಕರ ದಾರಿ ತಪ್ಪಿಸುವ ಒಂದು ಲೆಕ್ಕವಿದೆ. 4 ಜಿಬಿಗೆ ಇನ್ನೂ 4 ಸೇರಿಸಿ 8 ಜಿಬಿ ಎಂದು ಫಲಕದಲ್ಲಿ ಬರೆದಿರುತ್ತಾರೆ. ಸೇರಿಸಿದ ನಾಲ್ಕು ನಿಜವಾದ ರ್‍ಯಾಮ್ ಅಲ್ಲ, ಸ್ಟೋರೇಜಿನ ಒಂದು ಭಾಗವನ್ನೇ ರ್‍ಯಾಮ್‌ನಂತೆ ಬಳಸುವ ಏರ್ಪಾಡು. ಅದು ರ್‍ಯಾಮ್‌ಗಿಂತ ಬಹಳ ನಿಧಾನ, ಜೊತೆಗೆ ಸ್ಟೋರೇಜನ್ನು ಸವೆಸುತ್ತದೆ. ನಾಲ್ಕು ವರ್ಷದ ಗುರಿ ಇಟ್ಟುಕೊಂಡಿರುವ ನಿಮಗೆ ಎಂ06ರಲ್ಲಿ 6 ಜಿಬಿ ಮಾದರಿ ಸಿಗುತ್ತದೆ. ಸಾವಿರ, ಸಾವಿರದೈನೂರು ಹೆಚ್ಚು ತೆತ್ತರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಮಳೆಗಾಲ. ಆಷಾಢ, ಶ್ರಾವಣಗಳಲ್ಲಿ ತೋಟದವರ ಫೋನುಗಳು ಸಾಲಾಗಿ ಬರುತ್ತವೆ. ಚಾರ್ಜಿಂಗ್ ಪೋರ್ಟಿನೊಳಗೆ ಲೆನ್ಸ್ ಹಿಡಿದು ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಒದ್ದೆ ಕೈಯಲ್ಲಿ ಹಿಡಿದ ಫೋನನ್ನು ಒರೆಸದೆ ಚಾರ್ಜಿಗೆ ಹಾಕಿದಾಗ ವಿದ್ಯುತ್ ಹರಿದು ಆ ಪಿನ್ನುಗಳು ಬೇಗ ಸವೆದುಹೋಗುತ್ತವೆ. ಈ ಬೆಲೆಯ ಫೋನುಗಳಿಗಿರುವ ರಕ್ಷಣೆ ಹನಿ ಸಿಡಿದರೆ ತಡೆಯುವಷ್ಟು ಮಾತ್ರ, ಮಳೆಯಲ್ಲಿ ನೆನೆಯುವುದಕ್ಕಲ್ಲ. ಯಾವ ಕಂಪನಿಯದನ್ನೇ ಕೊಂಡರೂ ಪೋರ್ಟಿಗೆ ರಬ್ಬರಿನ ಮುಚ್ಚಳವಿರುವ ಕವರ್ ಹಾಕಿಸಿ.

ಕೊಳ್ಳುವ ಮೊದಲು ಆ ಮಾದರಿಯ ಡಿಸ್‌ಪ್ಲೇ ಕಾಂಬೋ (ಪರದೆ ಮತ್ತು ಟಚ್ ಗಾಜು ಸೇರಿದ ಬದಲಿ ಭಾಗ) ನಿಮ್ಮ ಊರಿನಲ್ಲಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ರಿಪೇರಿಯವರೊಬ್ಬರನ್ನು ಕೇಳಿ ಇಟ್ಟುಕೊಳ್ಳಿ.

ಒತ್ತಕ್ಷರ:

ಮೇಲಿನ ಇಬ್ಬರೂ ಪರದೆಯ ವಿಚಾರಕ್ಕೆ ಬಂದಿಲ್ಲ. ಓದುವ ವಯಸ್ಸಾದವರಿಗೆ ಕೊಳ್ಳುವಾಗ ನಾನು ಅದನ್ನೇ ಮೊದಲು ನೋಡುತ್ತೇನೆ.

ಎರಡೂ ಫೋನುಗಳ ಪರದೆ ದೊಡ್ಡದು, ಆದರೆ ಅಗಲದಲ್ಲಿರುವುದು 720 ಚುಕ್ಕೆ ಮಾತ್ರ. ಇಂಚಿಗೆ ಲೆಕ್ಕ ಹಾಕಿದರೆ ಸುಮಾರು 260 ಚುಕ್ಕೆ ಬರುತ್ತದೆ. 2023ರಲ್ಲಿ ಬಂದ ರೆಡ್ಮಿ 12 5ಜಿಯ 6.79 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇದು 396ರಷ್ಟಿತ್ತು. ಇಂಗ್ಲಿಷ್ ಓದುವಾಗ ಈ ಅಂತರ ಅಷ್ಟಾಗಿ ಕಾಣದು. ಕನ್ನಡದಲ್ಲಿ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತವೆ. ಪಹಣಿಯ ಪಿಡಿಎಫ್ ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸಿ ತೆರೆದಾಗ, ಹೆಸರಿನ ಅಂಕಣದಲ್ಲಿ ‘ಕೃಷ್ಣಪ್ಪ’ ಎಂಬಲ್ಲಿನ ಣ ಒತ್ತು, ಪ ಒತ್ತು ಎರಡೂ ಮಸುಕಾದ ಗೆರೆಗಳಾಗಿಬಿಡುತ್ತವೆ. ಹಿಗ್ಗಿಸಿ ಓದಬಹುದು, ನಿಜ, ಆದರೆ ಹಿಗ್ಗಿಸಿದೊಡನೆ ಸರ್ವೆ ನಂಬರಿನ ಅಂಕಣ ಪರದೆಯಿಂದ ಹೊರಗೆ ಹೋಗುತ್ತದೆ. ಯಾವ ಹೆಸರಿಗೆ ಎಷ್ಟು ಗುಂಟೆ ಎಂದು ನೋಡಲು ಬೆರಳಿನಿಂದ ಅತ್ತಿತ್ತ ಎಳೆಯುತ್ತಲೇ ಇರಬೇಕಾಗುತ್ತದೆ. 120 ಹರ್ಟ್ಸ್ ಎಂಬುದು ಪುಟ ಜಾರುವಾಗಿನ ನಯಕ್ಕೆ ಸಂಬಂಧಿಸಿದ್ದು. ನಿಂತ ಅಕ್ಷರದ ಸ್ಪಷ್ಟತೆಗೆ ಅದರಿಂದ ಏನೂ ಬರುವುದಿಲ್ಲ. ಹೀಗಾಗಿ ನಿಮ್ಮ ತಂದೆಯವರ ನಿಜವಾದ ಪಹಣಿಯನ್ನೇ ವಾಟ್ಸಾಪಿನಲ್ಲಿ ಕಳಿಸಿಕೊಂಡು, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಂತು ತೆರೆದು ನೋಡಿ. ಸಾಧ್ಯವಾದರೆ ಅವರನ್ನೇ ಕರೆದುಕೊಂಡು ಹೋಗಿ.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಇಲ್ಲಿನ 50 ಮೆಗಾಪಿಕ್ಸೆಲ್ ಸೆನ್ಸರುಗಳು ಚಿಕ್ಕವು, ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರ ಕೊಡುತ್ತವೆ. ಹಗಲಿನಲ್ಲಿ ಎಲೆಯ ರೋಗದ ಫೋಟೋ ತೆಗೆದು ಕಳಿಸಲು ತೊಂದರೆಯಿಲ್ಲ, ಯಕ್ಷಗಾನದ ರಂಗಸ್ಥಳದ ರಾತ್ರಿ ಚಿತ್ರಕ್ಕೆ ಸಾಲದು. ಪಕ್ಕದಲ್ಲಿರುವ 2 ಮೆಗಾಪಿಕ್ಸೆಲ್ ಕಣ್ಣು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ವರದಾ ತೀರ:

ಮೂವರಿಗೂ ಕೃತಜ್ಞತೆಗಳು. ಎನ್‌ಎಸ್‌ಎ ವಿಷಯ ನನಗೆ ತಿಳಿದಿರಲಿಲ್ಲ. ಹಾಗಿದ್ದರೆ ಇದೇ ಹಣಕ್ಕೆ ಫುಲ್ ಎಚ್‌ಡಿ ಪರದೆಯ ಎರಡು ವರ್ಷ ಹಳೆಯ ಫೋನನ್ನು ಯಾರಿಂದಲಾದರೂ ಕೊಳ್ಳುವುದು ಜಾಣತನವಾದೀತೇ?

ಗಾಂಧಿ ಬಜಾರ್ ರಿಪೇರಿ:

ಪರಿಚಿತರ ಫೋನಾದರೆ ಆಗಬಹುದು, ಆದರೆ ಭದ್ರತಾ ಅಪ್‌ಡೇಟ್‌ಗಳ ಅವಧಿಯನ್ನು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಬೇಕು, ನೀವು ಕೊಂಡ ದಿನದಿಂದಲ್ಲ. ಎಂ06ಕ್ಕೆ ನಾಲ್ಕು ಆಂಡ್ರಾಯ್ಡ್ ಆವೃತ್ತಿ ಮತ್ತು ನಾಲ್ಕು ವರ್ಷಗಳ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ರೆಡ್ಮಿ ಎ4ಕ್ಕೂ ಭದ್ರತೆಗೆ ನಾಲ್ಕು ವರ್ಷವೇ, ಆಂಡ್ರಾಯ್ಡ್ ಆವೃತ್ತಿಗಳು ಮಾತ್ರ ಎರಡು. ಎರಡು ವರ್ಷ ಹಳೆಯದನ್ನು ಕೊಂಡರೆ ಅವಧಿಯ ಅರ್ಧ ಆಗಲೇ ಕಳೆದಿರುತ್ತದೆ, ನಿಮ್ಮ ತಂದೆಯವರ ಬ್ಯಾಂಕ್ ಖಾತೆ ಇರುವುದೂ ಅದೇ ಫೋನಿನಲ್ಲಿ.

ಆದರೂ ಹಳೆಯದನ್ನೇ ಕೊಳ್ಳುವುದಾದರೆ, ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದಾಗ ಬರುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ದೂರಸಂಪರ್ಕ ಇಲಾಖೆಯಿಂದ ಉತ್ತರ ಬರುತ್ತದೆ. ಕಳವು ಮುಂತಾದ ಕಾರಣಕ್ಕೆ ನಿರ್ಬಂಧಿತವಾದ ಫೋನಾಗಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಬ್ಯಾಟರಿ ಬದಲಿಸಬೇಕಾಗಬಹುದು ಎಂದು ಆ ಖರ್ಚನ್ನೂ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.