ಬ್ರಾಮ್ಸ್ 4ನೇ ಸಿಂಫನಿ (ಪಾಶ್ಚಾತ್ಯ ವಾದ್ಯವೃಂದದ ಕೃತಿ), ಕ್ಲೈಬರ್ ಧ್ವನಿಮುದ್ರಣ: ಕೊನೆಯ ಭಾಗ ಅರ್ಥವಾಗುತ್ತಿಲ್ಲ

ಪ್ರಶ್ನೆ:
ನಿರ್ದೇಶಕ ಕಾರ್ಲೋಸ್ ಕ್ಲೈಬರ್, ವಾದ್ಯವೃಂದ ವಿಯೆನ್ನಾ ಫಿಲ್ಹಾರ್ಮೋನಿಕ್, 1980ರ ಧ್ವನಿಮುದ್ರಣ. ನಾಲ್ಕನೇ ಭಾಗದ 30 ವೇರಿಯೇಷನ್‌ಗಳಲ್ಲಿ (ಒಂದೇ ಥೀಮ್‌ನ, ಅಂದರೆ ಮೂಲ ಸ್ವರಸಾಲಿನ, ಬದಲಾದ ರೂಪಗಳು) ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ? ಪಿಟೀಲುಗಳೂ ಕಿವಿಗೆ ಚುಚ್ಚುತ್ತವೆ.

ಉತ್ತರ 1:
ಮೊದಲ ಎಂಟು ಕಾರ್ಡ್‌ಗಳೇ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ಥೀಮ್. ಬಾರ್‌ಗೆ (ತಾಳದ ಒಂದು ಸಣ್ಣ ಘಟಕ) ಒಂದು ಸ್ವರ. ಬ್ರಾಮ್ಸ್ ಇದನ್ನು ಸಂಗೀತಕಾರ ಬಾಖ್‌ನ 150ನೇ ಕಾಂಟಾಟಾದಿಂದ (ವಾದ್ಯಗಳೊಂದಿಗೆ ಹಾಡುವ ಕೃತಿ) ಎತ್ತಿಕೊಂಡು ಬದಲಿಸಿದ್ದು. ತಾಳದ ಆವರ್ತನದಂತೆ ಎಂಟು ಬಾರ್ ಎಣಿಸುತ್ತಾ ಹೋಗಿ, ರಾಗವನ್ನು ಹುಡುಕಬೇಡಿ. 4ನೇ ವೇರಿಯೇಷನ್‌ನಲ್ಲಿ ಥೀಮ್ ಬಾಸ್‌ಗೆ (ಅತಿ ತಗ್ಗಿನ ಸ್ವರಗಳಿಗೆ) ಇಳಿಯುತ್ತದೆ. ಮೇಲಿನ ಪಿಟೀಲುಗಳನ್ನೇ ಹಿಂಬಾಲಿಸಿದರೆ ತಪ್ಪಿಹೋಗುವುದು ಇಲ್ಲೇ. 12ನೆಯದು ಕೊಳಲಿನ ಸೋಲೋ. ಅಲ್ಲಿ ಬಾರ್ 3/4ರಿಂದ (ಮೂರು ಕಾಲು ಸ್ವರ) 3/2ಕ್ಕೆ (ಮೂರು ಅರ್ಧ ಸ್ವರ) ಹಿಗ್ಗುತ್ತದೆ, ಎಣಿಕೆಯೂ ದುಪ್ಪಟ್ಟಾಗಬೇಕು. 14ರಲ್ಲಿ ಟ್ರಾಂಬೋನ್‌ಗಳು (ಹಿತ್ತಾಳೆಯ ಊದುವ ವಾದ್ಯ) ಮೆಲ್ಲಗೆ ನುಡಿಯುತ್ತವೆ. ಸಿಂಫನಿಯ ಮೊದಲ ಮೂರು ಭಾಗಗಳಲ್ಲಿ ಅವು ಬಾಯಿಯನ್ನೇ ತೆರೆದಿರುವುದಿಲ್ಲ. 16ರಲ್ಲಿ ಥೀಮ್ ಮೂಲ ರೂಪದಲ್ಲಿ, 3/4ರಲ್ಲಿ ಮರಳುತ್ತದೆ. ದಾರಿ ತಪ್ಪಿದ್ದರೆ ಅಲ್ಲಿಂದ ಮತ್ತೆ ಎಣಿಸಿ.

ಉತ್ತರ 2:
ಚುಚ್ಚುವುದು ನಿಮ್ಮ ಸ್ಪೀಕರ್‌ನ ತಪ್ಪೇ ಇರಬೇಕೆಂದಿಲ್ಲ. ಇದು ಡಿಜಿಟಲ್ ಧ್ವನಿಮುದ್ರಣದ ಆರಂಭದ ಕಾಲದ್ದು, ಜೋರು ಜಾಗಗಳಲ್ಲಿ ತಂತಿವಾದ್ಯಗಳಿಗೆ ಸ್ವಲ್ಪ ಲೋಹದ ಅಂಚಿದೆ. ಟ್ರೆಬಲ್ (ಎತ್ತರದ ಸ್ವರಗಳ ಮಟ್ಟ) 1–2 ಡೆಸಿಬಲ್ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ: ಮೂರನೇ ಭಾಗದ ಟ್ರಯಾಂಗಲ್ (ಕಣಕಣ ಎನ್ನುವ ತ್ರಿಕೋನ ಲೋಹದ ವಾದ್ಯ) ಮಂಕಾಗುತ್ತದೆ.

ಉತ್ತರ 3:
ಮೊದಲ ಭಾಗದಲ್ಲೂ ಒಂದು ಬಲೆಯಿದೆ. ಎಕ್ಸ್‌ಪೊಸಿಷನ್ (ಥೀಮ್‌ಗಳನ್ನು ಪರಿಚಯಿಸುವ ಹಂತ) ಮುಗಿದ ಮೇಲೆ ಆರಂಭದ ಥೀಮ್ ಅದೇ ಇ ಮೈನರ್ ಸ್ವರಶ್ರೇಣಿಯಲ್ಲಿ ಬರುತ್ತದೆ; ಪುನರಾವರ್ತನೆ ಅನ್ನಿಸುತ್ತದೆ, ಆದರೆ ಅದು ಡೆವಲಪ್‌ಮೆಂಟ್‌ನ (ಥೀಮ್‌ಗಳನ್ನು ಬೆಳೆಸುವ ಹಂತ) ಶುರು. ಕ್ಲೈಬರ್ ಅಲ್ಲಿ ನಿಂತು ಸುಳಿವು ಕೊಡುವುದೂ ಇಲ್ಲ!