ಗೇಮ್ ಚಟದ 'ಕ್ರೇವಿಂಗ್': ಬಯಕೆಯೋ, ತಲಬೋ, ತುಡಿತವೋ?

ಪ್ರಶ್ನೆ (ಪುಣೆ): ವಿಡಿಯೋ ಗೇಮ್ ಚಟಕ್ಕೆ ಬಿದ್ದ ಮಕ್ಕಳ ತಂದೆತಾಯಿಗೆ ಕೊಡುವ ಕೈಪಿಡಿಯ ಕರಡಿನಲ್ಲಿ ಕ್ರೇವಿಂಗ್‌ಗೆ (ಆಡಲೇಬೇಕೆನಿಸುವ ಸೆಳೆತಕ್ಕೆ) ಒಮ್ಮೆ ಬಯಕೆ, ಒಮ್ಮೆ ಗೀಳು, ಮತ್ತೊಮ್ಮೆ ಚಟ ಎಂದಿದೆ. ಯಾವುದನ್ನು ಉಳಿಸೋಣ? 'ಆಟದ ಚಿತ್ರ ಕಂಡೊಡನೆ ಮೆದುಳು ಬೆಳಗುತ್ತದೆ' ಎಂಬ ಸಾಲು ನಡೆದೀತೇ? ಬಲ್ಲವರು ತಿಳಿಸಿ.

ಉತ್ತರ (ಮುಂಬಯಿ): ಮೂರನ್ನೂ ಬಿಡಿ. ಚಟ ಎಂದರೆ ಇಡೀ ಕಾಯಿಲೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾದರೂ ಬಿಡದಿರುವುದು: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಹೇಳುವ ಮುಖ್ಯ ಲಕ್ಷಣಗಳು ಇವು, ಸಾಮಾನ್ಯವಾಗಿ 12 ತಿಂಗಳು ಕಂಡಿರಬೇಕು. ಕ್ರೇವಿಂಗ್ ಈ ಮೂರರಲ್ಲಿ ಇಲ್ಲ. ಗೀಳು ಮನೋವೈದ್ಯರ ಕನ್ನಡದಲ್ಲಿ ಆಗಲೇ ಓಸಿಡಿಗೆ (ಬೇಡದ ಯೋಚನೆ, ವರ್ತನೆ ಮರುಕಳಿಸುವ ಕಾಯಿಲೆಗೆ) ಸಂದುಹೋಗಿದೆ. ಬಯಕೆ ಎಂದರೆ ಬಸುರಿಯ ಮಾವಿನಕಾಯಿ ನೆನಪಾದೀತು!

ನನ್ನ ಮತ ತುಡಿತಕ್ಕೆ. ಆಟ ರುಚಿಸುವುದು ಬೇರೆ, ಆಟ ಬೇಕೇಬೇಕು ಅನ್ನಿಸುವುದು ಬೇರೆ. ಮಜಾ ಬತ್ತಿದ ಮೇಲೂ 'ಬೇಕು' ಉಳಿಯಬಲ್ಲದು. ಆಸೆ, ಇಷ್ಟ ಎಂದರೆ ಎರಡೂ ಕಲಸಿಹೋಗುತ್ತವೆ. ಫೋನ್ ಕಿತ್ತುಕೊಂಡಾಗಿನ ಸಿಡಿಮಿಡಿಗೂ ಇದೇ ಪದ ಹಾಕಬೇಡಿ, ಅದಕ್ಕೆ ಚಡಪಡಿಕೆ ಇದೆ.

ತಲಬು ಒಳ್ಳೆಯ ಮಾತೇ. ಧಾರವಾಡದ ಕಡೆಯವರಿಗೆ ಚಹಾದ ತಲಬು, ತಂಬಾಕಿನ ತಲಬು ಗೊತ್ತು, ಮರಾಠಿಯ 'ತಲಫ್' ಕೂಡ ಪುಣೆಯಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ಇಲ್ಲಿನ ಉಡುಪಿ-ಮಂಗಳೂರು ಕಡೆಯ ಮನೆಗಳಲ್ಲಿ ಅದು ಅಷ್ಟು ಬಳಕೆಯಲ್ಲಿಲ್ಲ. ಅಚ್ಚಿನಲ್ಲಿ ತುಡಿತ ಇರಲಿ, ನಿಮ್ಮಲ್ಲಿ ಎದುರು ಕೂತು ಮಾತಾಡುವಾಗ ತಲಬು ಎನ್ನಿ.

'ಬೆಳಗುತ್ತದೆ' ತೆಗೆಯಿರಿ. ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ನೋಡುವ ಸ್ಕ್ಯಾನ್) ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು, ಅದೂ ಸುಮಾರು 5 ಸೆಕೆಂಡು ತಡವಾಗಿ. 2009ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನದಲ್ಲಿ ಚಟವಿದ್ದ 10 ಮಂದಿಗೆ, ಇಲ್ಲದ 10 ಮಂದಿಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಚಿತ್ರಗಳನ್ನೂ ಮೊಸಾಯಿಕ್ (ಚೂರುಚೂರಾಗಿ ಕಾಣುವ) ಚಿತ್ರಗಳನ್ನೂ ತೋರಿಸಿ, ಮೊದಲನೆಯದನ್ನು ನೋಡುವಾಗಿನ ಅಳತೆಯಿಂದ ಎರಡನೆಯದರ ಅಳತೆಯನ್ನು ಕಳೆದರು. ಸ್ಕ್ಯಾನ್ ಚಿತ್ರದಲ್ಲಿ ಬಣ್ಣ ಬಳಿದದ್ದು ಆ ವ್ಯತ್ಯಾಸಕ್ಕೆ. ಬಲಗಡೆಯ ನ್ಯೂಕ್ಲಿಯಸ್ ಅಕ್ಕುಂಬೆನ್ಸ್, ಆರ್ಬಿಟೊಫ್ರಾಂಟಲ್ ಕಾರ್ಟೆಕ್ಸ್ ಮುಂತಾದ ಮೆದುಳಿನ ಭಾಗಗಳಲ್ಲಿ ಚಟವಿದ್ದವರಿಗೆ ಅದು ಹೆಚ್ಚಿತ್ತು. ಅವರೇ ಹೇಳಿಕೊಂಡ ತುಡಿತಕ್ಕೂ ಅದಕ್ಕೂ ತಾಳೆಯಾಯಿತು. 20 ಜನರ ಲೆಕ್ಕ, ಹಾಗಾಗಿ 'ಕೆಲವು ಭಾಗಗಳಲ್ಲಿ ಚಟುವಟಿಕೆ ಹೆಚ್ಚಿದ್ದು ಕಂಡುಬಂದಿದೆ' ಎಂದಷ್ಟೇ ಬರೆಯಿರಿ. ಈ ಭಾಗಗಳ ಹೆಸರಿಗೆ ಸಂಸ್ಕೃತ ಹೊಸೆಯುವ ಸಾಹಸ ಬೇಡ.

ಕೈಪಿಡಿಯಲ್ಲಿ ಅಳತೆಯ ಪ್ರಶ್ನೆ ಇದ್ದರೆ ಹೀಗೆ ಹಾಕಿ: 'ಈಗ, ಈ ಗಳಿಗೆಯಲ್ಲಿ, ಆಡಬೇಕೆಂಬ ತುಡಿತ 0ಯಿಂದ 10ರೊಳಗೆ ಎಷ್ಟು?' 'ಈಗ' ಬಿಟ್ಟುಹೋದರೆ ಹುಡುಗರು ವಾರದಲ್ಲಿ ಎಷ್ಟು ತಾಸು ಆಡಿದೆವು ಎಂಬ ಲೆಕ್ಕ ಒಪ್ಪಿಸುತ್ತಾರೆ.