ಮಾಲ್ಗುಡಿ ಡೇಸ್ ಮ್ಯೂಸಿಕ್ ಮಾಡಿದ ಎಲ್. ವೈದ್ಯನಾಥನ್ ಬಗ್ಗೆ ಗೊತ್ತಿರೋರು ಹೇಳಿ

ಹಳೇಟೀವಿ:
ನಿನ್ನೆ ಮಗಳಿಗೆ ಮಾಲ್ಗುಡಿ ಡೇಸ್ ಹಾಕಿ ತೋರಿಸ್ತಿದ್ದೆ, ಆರ್.ಕೆ. ಲಕ್ಷ್ಮಣ್ ಚಿತ್ರಗಳ ಜೊತೆ ಆ ಟೈಟಲ್ ಮ್ಯೂಸಿಕ್ ಶುರುವಾಯ್ತು ನೋಡಿ, ಗಂಟಲು ಕಟ್ಟಿಬಿಡ್ತು. ಸಂಗೀತ ಎಲ್. ವೈದ್ಯನಾಥನ್ ಅಂತ ಬಂತು. ಇವ್ರು ಸಿನಿಮಾಗೂ ಮಾಡಿದಾರಾ ಇಲ್ಲ ಬರೀ ಟೀವಿನಾ? ಇಷ್ಟು ಚೆನ್ನಾಗಿ ಮಾಡಿದೋರ ಹೆಸರು ಯಾರ ಬಾಯಲ್ಲೂ ಯಾಕೆ ಕೇಳಲ್ಲ?

ರೇಡಿಯೋಕಿವಿ:
ಅವ್ರ ಹೆಸರು ನೀವು ನೂರು ಸಲ ಕೇಳಿರ್ತೀರ ಸಾರ್. ಆಲೆಮನೆ, ನಾರದ ವಿಜಯ ಹಾಡು ಬಂದಾಗ ರೇಡಿಯೋದಲ್ಲಿ ಸಂಗೀತ ಅಶ್ವಥ್-ವೈದಿ ಅಂತಿದ್ರಲ್ಲ, ಆ ವೈದಿ ಇವ್ರೇ. ಒಬ್ಬರೇ ಮಾಡಿದ್ದು ಕೇಳ್ಬೇಕಂದ್ರೆ 1978ರ ಅಪರಿಚಿತ, ಅದ್ರಲ್ಲಿ ವಾಣಿ ಜಯರಾಂ ಹಾಡಿರೋ ಸವಿನೆನಪುಗಳು ಬೇಕು ಇವತ್ತಿಗೂ ನಂಗೆ ರಾತ್ರಿ ಹೊತ್ತು ಬೇಕೇಬೇಕು.

ಪಿಟೀಲುಹುಚ್ಚ:
ಮನೆತನನೇ ಪಿಟೀಲಿಂದು. ತಂದೆ ವಿ. ಲಕ್ಷ್ಮೀನಾರಾಯಣ, ತಮ್ಮಂದಿರು ಎಲ್. ಸುಬ್ರಮಣ್ಯಂ, ಎಲ್. ಶಂಕರ್. ಅವರಿಬ್ರೂ ಕಛೇರಿ ಕಡೆ ಹೆಸರು ಮಾಡಿದ್ರು, ಇವ್ರು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವ್ರ ಹತ್ರ ಅಸಿಸ್ಟೆಂಟ್ ಆಗಿದ್ದು ಆಮೇಲೆ ಸಿನಿಮಾಗೇ ಬಂದ್ರು. 2007ರಲ್ಲಿ ತೀರ್ಕೊಂಡ್ರು.

ರೀರೆಕಾರ್ಡಿಂಗ್:
ಹಾಡಿನ ಬಗ್ಗೆನೇ ಎಲ್ರೂ ಹೇಳ್ತಿದೀರ, ನಾನು ಪುಷ್ಪಕ ವಿಮಾನ (1987) ಬಗ್ಗೆ ಹೇಳ್ತೀನಿ. ಇಡೀ ಪಿಕ್ಚರಲ್ಲಿ ಒಂದು ಡೈಲಾಗ್ ಇಲ್ಲ. ಮಾತಿದ್ರೆ ಮ್ಯೂಸಿಕ್ ಅದ್ರ ಹಿಂದೆ ನಿಂತ್ಕೊಂಡ್ರೂ ನಡೆಯುತ್ತೆ, ಇಲ್ಲಿ ಆ ಆಸರೆನೇ ಇಲ್ಲ. ಹಾಗಂತ ಉದ್ದಕ್ಕೂ ವಾದ್ಯ ತುಂಬಿದ್ರೆ ಸತ್ತೋಗ್ತಿತ್ತು ಪಿಕ್ಚರು, ಯಾಕಂದ್ರೆ ಅದ್ರಲ್ಲಿ ಸದ್ದೇ ಕಥೆ, ಹೋಟೆಲ್ ರೂಮಲ್ಲಿ ನಿಶ್ಶಬ್ದಕ್ಕೆ ನಿದ್ದೆ ಬರದೆ ಕಮಲ್ ಹಾಸನ್ ತನ್ನ ಹಳೇ ರೂಮಿನ ಗಲಾಟೆನ ಟೇಪ್ ಮಾಡ್ಕೊಂಡು ಬಂದು ಹಾಕ್ಕೊಂಡು ಮಲಗ್ತಾನಲ್ಲ! ಅಲ್ಲೆಲ್ಲ ಎಲ್ಲಿ ಸುಮ್ಮನಿರ್ಬೇಕು ಅಂತ ಗೊತ್ತಿರೋನೇ ಕೆಲಸ ಮಾಡೋಕಾಗೋದು. ಅದೇ ವರ್ಷ ಶಂಕರ್ ನಾಗ್ ಅವ್ರ ಒಂದು ಮುತ್ತಿನ ಕಥೆನೂ ಇವ್ರದೇ. ಹೆಸರು ಯಾಕೆ ಕೇಳಲ್ಲ ಅಂದ್ರಲ್ಲ, ಹಾಡಾದ್ರೆ ಜನ ಗುನುಗ್ತಾರೆ, ಹಾಡಿದೋರನ್ನ ನೆನಪಿಟ್ಕೋತಾರೆ, ರೀರೆಕಾರ್ಡಿಂಗ್ (ಅಂದ್ರೆ ಪಿಕ್ಚರ್‌ನ ಹಿನ್ನೆಲೆ ಸಂಗೀತ) ಮಾಡಿದೋರನ್ನ ಕೇಳೋರೇ ಇಲ್ಲ, ನಂಗೆ ಇದು ನಿಜವಾಗ್ಲೂ ಬೇಜಾರು.

ಹಳೇಟೀವಿ:
ಅಯ್ಯೋ ವೈದಿ ಅಂದ್ರೆ ಇವ್ರಾ! ನಮ್ಮಮ್ಮ ಅಡುಗೆ ಮಾಡ್ತಾ ಆಲೆಮನೆ ಹಾಡು ಹೇಳ್ಕೋತಾನೇ ಇರ್ತಾರೆ. ಈ ಭಾನುವಾರ ಪುಷ್ಪಕ ವಿಮಾನ ಹಾಕ್ತೀನಿ, ಅಮ್ಮನ್ನೂ ಮಗಳನ್ನೂ ಕೂರಿಸ್ಕೊಂಡು.